ಐದು ಲೈಬ್ರರಿ, ಒಂದು ಲೋಕಲ್ ಲೈನು

ಪ್ರಶ್ನೆ: ನಾನು ಮುಲುಂಡ್‌ನ ಒಂದು ಶಾಲೆಯಲ್ಲಿ ಆರು ವರ್ಷದಿಂದ ಗ್ರಂಥಪಾಲಕಿ. ಊರು ಕುಂದಾಪುರದ ಕಡೆ. ಶಾಲೆಯಲ್ಲಿ ಈ ಕೆಲಸ ಮಾಡುವವಳು ನಾನೊಬ್ಬಳೇ. ಸ್ಟಾಫ್‌ರೂಮಿನಲ್ಲಿ ಗಣಿತದವರಿಗೆ ಗಣಿತದವರು ಸಿಗುತ್ತಾರೆ, ನನ್ನ ಕೆಲಸದ ಮಾತಿಗೆ ಯಾರೂ ಇಲ್ಲ. ಹೋದ ವರ್ಷ ಸುತ್ತಮುತ್ತಲ ಶಾಲೆಗಳ ಗ್ರಂಥಪಾಲಕರದ್ದು ಒಂದು ವಾಟ್ಸಾಪ್ ಗುಂಪು ಮಾಡಿದೆ. 38 ಜನ ಸೇರಿದರು. ಈಗ ಅದರಲ್ಲಿ ಬರುವುದು ಗುಡ್ ಮಾರ್ನಿಂಗ್ ಮತ್ತು ಹಬ್ಬದ ಶುಭಾಶಯ ಮಾತ್ರ. ಒಮ್ಮೆ ಸಭೆ ಕರೆದೆ, ಮೂವರು ಬಂದರು. ಇದು ಆಗುವ ಕೆಲಸವಾ? ಇನ್ನೊಂದು ಮಾತು. ಹಿಂದೆ ಕನ್ನಡ ಮಾಧ್ಯಮ ಇದ್ದ ಕಾಲದ ಒಂದು ಕಪಾಟು ಕನ್ನಡ ಪುಸ್ತಕ ನಮ್ಮಲ್ಲಿ ಉಳಿದಿದೆ. ಓದುವವರಿಲ್ಲ, ರೈಟ್ ಆಫ್ ಮಾಡಿ, ಅಂದರೆ ಲೆಕ್ಕದಿಂದ ತೆಗೆದುಹಾಕಿ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಮೂವರು ಬಂದರು ಅಂತ ಬೇಸರದಿಂದ ಬರೆದಿದ್ದೀರಿ. ನನಗೆ ಆ ಸಾಲು ಓದಿ ಸಮಾಧಾನವಾಯಿತು. ಮುಂಬಯಿಯಲ್ಲಿ, ಶಾಲೆ ಮುಗಿಸಿ ಸುಸ್ತಾದ ಹೊತ್ತಿನಲ್ಲಿ, ಮೇಲಿನಿಂದ ಯಾವ ಆರ್ಡರೂ ಇಲ್ಲದೆ ಮೂವರು ರೈಲು ಹತ್ತಿ ಬಂದಿದ್ದಾರೆ. ಅವರ ಹೆಸರು ಬರೆದಿಟ್ಟುಕೊಳ್ಳಿ. ಉಳಿದ 35 ಜನರ ಯೋಚನೆ ಸದ್ಯಕ್ಕೆ ಬಿಡಿ.

ನಿಮ್ಮ ಒಂಟಿತನ ಹೊಸದಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರಿಗೂ ಹೀಗೇ ಆಗಿತ್ತು. ಅದಕ್ಕೆ ಮುಂಚೆ ಅವರು ಗಣಿತದ ಮೇಷ್ಟ್ರು. ಕ್ಲಾಸಿನ ತುಂಬ ಹುಡುಗರನ್ನು ನೋಡಿದವರಿಗೆ ಪುಸ್ತಕಗಳ ನಡುವೆ ಒಬ್ಬರೇ ಕೂರುವುದು ತಡೆಯಲಾಗಲಿಲ್ಲ. ಕೆಲವೇ ವಾರದಲ್ಲಿ, ನನ್ನನ್ನು ಹಳೇ ಕೆಲಸಕ್ಕೇ ಕಳಿಸಿ ಅಂತ ಕೇಳಿಕೊಂಡರು. ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡ ಅನಿಸಿದರೆ ನೋಡೋಣ ಅಂದರಂತೆ ಮೇಲಿನವರು. ಅವರು ಅಲ್ಲಿ ಒಂದರ ಹಿಂದೆ ಒಂದು ಲೈಬ್ರರಿ ಸುತ್ತಿದರು, ಅಲ್ಲಿನವರು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿದರು. ವಾಪಸ್ ಬಂದ ಮೇಲೆ ಮತ್ತೆ ಆ ಮಾತೆತ್ತಲಿಲ್ಲ. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಶುರುವಾದಾಗ ಅದರ ಮುಂದಾಳು ಅವರೇ. ನಾವು ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ಅವರ ಫೋಟೋಗೆ ಹಾರ ಹಾಕುತ್ತೇವೆ, ಗ್ರಂಥಾಲಯದ ಬಗ್ಗೆ ಅವರು ಬರೆದ ಐದು ಸೂತ್ರ ಓದಿಸುತ್ತೇವೆ. ಈ ಬೇಜಾರಿನ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಸೂತ್ರಗಳಿಗಿಂತ ಇದೇ ಹತ್ತಿರದ್ದು ಅನಿಸುತ್ತದೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮುಂಬಯಿ ಕನ್ನಡಿಗರಿಗೆ ಸಂಘ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು, ಮಾಹಿಮ್‌ನ ಕರ್ನಾಟಕ ಸಂಘ 1933ರದ್ದು. ಅದೇ ರೂಢಿಯಲ್ಲಿ ಬೆಳೆದವಳು ನಾನು. ಹಾಗಾಗಿ ಶಾಲಾ ಗ್ರಂಥಪಾಲಕರನ್ನು ಸೇರಿಸಬೇಕು ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಬ್ಯಾನರ್, ಮುಖ್ಯ ಅತಿಥಿ, ಶಾಲು, ದೀಪ. ಎಲ್ಲ ಮಾಡಿದೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಅಂತ ಮೂರು ಹೆಸರನ್ನೂ ಬರೆದೆವು. ಖಜಾನೆಯಲ್ಲಿ ಹಣವೇ ಇರಲಿಲ್ಲ, ಆ ಮಾತು ಬೇರೆ. ಎರಡೂವರೆ ಗಂಟೆ ಭಾಷಣ ಕೇಳಿ, ಬಟಾಟೆವಡೆ ತಿಂದು ಎಲ್ಲರೂ ಹೋದರು. ಎರಡನೇ ಸಭೆಗೆ ನಾನು ಮತ್ತು ಕಾರ್ಯದರ್ಶಿ. ಯಾರ ಮೇಲೂ ತಪ್ಪು ಹಾಕುವ ಹಾಗಿಲ್ಲ. ಬಂದವರಿಗೆ ಅಲ್ಲಿ ಮಾಡಲು ಏನೂ ಇರಲಿಲ್ಲ.

ಆಮೇಲೆ ಬಂತು 2005ರ ಜುಲೈ 26. ಆ ದಿನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ನಾನಾಗ ಕುರ್ಲಾದ ಒಂದು ಶಾಲೆಯಲ್ಲಿದ್ದೆ. ಲೈಬ್ರರಿ ನೆಲಮಹಡಿಯಲ್ಲಿ. ಮೂರನೇ ದಿನ ಹೋಗಿ ಬಾಗಿಲು ತೆಗೆದರೆ ಮೂಗಿಗೆ ಮೊದಲು ಬಡಿದದ್ದು ವಾಸನೆ. ರ‍್ಯಾಕಿನ ಕೆಳಗಿನ ಎರಡು ಸಾಲು ಪೂರ್ತಿ ನೆನೆದಿದ್ದವು. ಪುಸ್ತಕ ಉಬ್ಬಿ ಒಂದಕ್ಕೊಂದು ಎಷ್ಟು ಬಿಗಿಯಾಗಿದ್ದವು ಅಂದರೆ, ಒಂದನ್ನೂ ಎಳೆದು ತೆಗೆಯಲು ಬರುತ್ತಿರಲಿಲ್ಲ. ನಾನು ನೆಲದ ಮೇಲೆ, ಆ ಕೆಸರಿನಲ್ಲೇ, ಸುಮ್ನೆ ಕೂತುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಘಾಟ್‌ಕೋಪರ್‌ನ ಗುಜರಾತಿ ಶಾಲೆಯ ಗ್ರಂಥಪಾಲಕಿ ಬಂದರು. ಆಮೇಲೆ ಸಾಯನ್‌ನ ಮರಾಠಿ ಶಾಲೆಯ ಬಾಯಿ, ಮರಾಠಿಯಲ್ಲಿ ಟೀಚರಮ್ಮನನ್ನು ಹಾಗೇ ಕರೆಯುವುದು. ಪಕ್ಕದ ಉರ್ದು ಶಾಲೆಯ ಮೇಷ್ಟ್ರು ಒಬ್ಬರು. ಅವರು ಲೈಬ್ರರಿ ಓದಿದವರೇ ಅಲ್ಲ, ಕಪಾಟಿನ ಕೀಲಿಕೈ ಅವರ ಹತ್ತಿರ ಇತ್ತು ಅಷ್ಟೇ. ಯಾರಿಗೂ ನಾನು ಫೋನ್ ಮಾಡಿರಲಿಲ್ಲ. ಮಾಡಿದ್ದರೂ ಹೋಗುತ್ತಿರಲಿಲ್ಲ. ಕುರ್ಲಾ ಮುಳುಗಿದ ಸುದ್ದಿ ಸಾಕಾಗಿತ್ತು.

ಒದ್ದೆ ಪುಸ್ತಕ ಉಳಿಸುವುದು ನನಗೆ ಗೊತ್ತಿರಲಿಲ್ಲ. ಬಿಸಿಲಿಗೆ ಹರಡೋಣ ಅಂದೆ. ಬಿಸಿಲಾದರೂ ಎಲ್ಲಿತ್ತು ಅನ್ನಿ. ಸಾಯನ್‌ನ ಬಾಯಿ ತಡೆದರು. ಬಿಸಿಲಿಗಿಟ್ಟರೆ ಹಾಳೆ ಸುರುಟುತ್ತದೆ, ಬೆನ್ನು ಬಿಡುತ್ತದೆ, ಗಾಳಿ ಬೇಕು ಅಂದರು. ಪುಸ್ತಕವನ್ನು ನಿಲ್ಲಿಸಿ ಬೀಸಣಿಗೆ ಹಾಗೆ ಬಿಡಿಸಬೇಕು, ನಡುನಡುವೆ ಖಾಲಿ ಕಾಗದ ಇಡಬೇಕು, ಕಾಗದ ನೆನೆದ ಹಾಗೆ ಬದಲಾಯಿಸಬೇಕು. ಎರಡು ಮೂರು ದಿನ ಕಳೆದರೆ ಬೂಷ್ಟು ಹಿಡಿಯಲು ಶುರು, ಅಂದರೆ ನಮಗೆ ಆಗಲೇ ತಡವಾಗಿತ್ತು. ವಿಶ್ವಕೋಶದ ಹೊಳೆಯುವ ಆರ್ಟ್ ಪೇಪರ್ ಹಾಳೆಗಳು ಅಂಟಿಕೊಂಡು ಇಟ್ಟಿಗೆ ಆಗಿದ್ದವು, ಅವನ್ನು ಬಿಡಿ ಅಂದರು. ಬೇಜಾರಾಯಿತು, ಬಿಟ್ಟೆವು. ಕತೆಪುಸ್ತಕಗಳ ಸಾದಾ ಕಾಗದ ತಡೆದುಕೊಂಡಿತ್ತು. ಮೊದಲ ಮಹಡಿಯ ಕ್ಲಾಸಿನಲ್ಲಿ ಬೆಂಚಿನ ಮೇಲೆಲ್ಲ ಪುಸ್ತಕ ನಿಲ್ಲಿಸಿ, ಕರೆಂಟ್ ಬಂದಾಗ ಫ್ಯಾನ್ ಹಾಕಿ, ನಾಲ್ಕು ದಿನ ಅದೇ ಕೆಲಸ. ಕೆಲಸದ ನಡುವೆಯೇ ಮಾತು. ನಿಮ್ಮಲ್ಲಿ ಕಳೆದ ಪುಸ್ತಕಕ್ಕೆ ಎಷ್ಟು ದಂಡ? ಎಂಟನೇ ಕ್ಲಾಸಿನ ಹುಡುಗರಿಗೆ ಏನು ಕೊಡ್ತೀರಿ? ಲೈಬ್ರರಿ ಪೀರಿಯಡ್ಡಿನಲ್ಲಿ ನಿಮ್ಮನ್ನೂ ರಜೆ ಹಾಕಿದ ಟೀಚರ ಬದಲು ಪ್ರಾಕ್ಸಿಗೆ ಕಳಿಸ್ತಾರಾ?

ಪುಸ್ತಕಕ್ಕಿಂತ ದೊಡ್ಡ ಪೆಟ್ಟು ಅಕ್ಸೆಷನ್ ರಿಜಿಸ್ಟರಿಗೆ ಬಿದ್ದಿತ್ತು. ಶಾಲೆ ಶುರುವಾದಂದಿನಿಂದ ಬಂದ ಒಂದೊಂದು ಪುಸ್ತಕದ ನಂಬರೂ ಅದರಲ್ಲಿ. ಶಾಯಿ ಹರಡಿ ಪುಟವೆಲ್ಲ ನೀಲಿ. ಉರ್ದು ಶಾಲೆಯ ಮೇಷ್ಟ್ರು ಅದನ್ನು ನೋಡಿ ಹೇಳಿದರು, ಇನ್ನು ಮುಂದೆ ನಿಮ್ಮದರ ಝೆರಾಕ್ಸ್ ನನ್ನ ಹತ್ತಿರ ಇರಲಿ, ನನ್ನದು ನಿಮ್ಮ ಹತ್ತಿರ. ನಮ್ಮ ಗುಂಪು ಹುಟ್ಟಿದ್ದು ಆ ದಿನ. ಅದಕ್ಕೆ ಹೆಸರಿಲ್ಲ, ಲೆಟರ್‌ಹೆಡ್ ಇಲ್ಲ. ನಾನು ರಿಟೈರ್ ಆಗುವವರೆಗೂ ನಡೆಯಿತು, ಈಗಲೂ ಇದೆ.

ಇದರಿಂದ ನಾನು ತಿಳಿದದ್ದು ಇಷ್ಟು. ಮಾತಾಡೋಣ ಬನ್ನಿ ಅಂತ ಕರೆದರೆ ಜನ ಒಂದು ಸಲ ಬರುತ್ತಾರೆ. ಒಂದು ಕೆಲಸ ಇದೆ, ಕೈ ಹಾಕ್ತೀರಾ ಅಂತ ಕರೆದರೆ ಮತ್ತೆ ಮತ್ತೆ ಬರುತ್ತಾರೆ. ನಿಮ್ಮ ಮೂವರನ್ನು ಸ್ಟಾಕ್ ವೆರಿಫಿಕೇಶನ್‌ಗೆ, ಅಂದರೆ ರಿಜಿಸ್ಟರಿನಲ್ಲಿರುವ ಪುಸ್ತಕ ಕಪಾಟಿನಲ್ಲೂ ಇದೆಯಾ ಅಂತ ತಾಳೆ ನೋಡಲು ಕರೆಯಿರಿ. ಒಬ್ಬರೇ ಮಾಡಿದರೆ ಹದಿನೈದು ದಿನ ತಿನ್ನುವ ಕೆಲಸ ಅದು. ನಾಲ್ವರಿದ್ದರೆ ಒಬ್ಬರು ನಂಬರ್ ಓದುವುದು, ಒಬ್ಬರು ಟಿಕ್ ಹಾಕುವುದು, ಇಬ್ಬರು ಹರಿದದ್ದನ್ನು ತೆಗೆದಿಡುವುದು. ಮುಂದಿನ ತಿಂಗಳು ಅವರ ಶಾಲೆಗೆ ನೀವು ಹೋಗಿ. ಬೇರೆಯವರ ರ‍್ಯಾಕಿನ ಮುಂದೆ ಎರಡು ಗಂಟೆ ನಿಂತರೆ ಅವರು ಯಾವ ಪುಸ್ತಕ ಮುಂದಿಟ್ಟಿದ್ದಾರೆ, ಯಾವುದನ್ನು ಬೀಗ ಹಾಕಿ ಇಟ್ಟಿದ್ದಾರೆ ಎಲ್ಲ ಕಾಣುತ್ತದೆ. ಯಾವ ಸೆಮಿನಾರಿನಲ್ಲೂ ಅದು ಸಿಗುವುದಿಲ್ಲ.

ಜಾಗದ ವಿಷಯ. ನೀವು ವಾರ್ಡು, ತಾಲೂಕು ಅಂತ ಲೆಕ್ಕ ಹಾಕಿ ಜನರನ್ನು ಸೇರಿಸಿದ್ದೀರಿ ಅಂತ ಕಾಣುತ್ತದೆ. ಮುಂಬಯಿಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ನೆರೆಹೊರೆ ಅಂದರೆ ರೈಲಿನ ಲೈನು. ಮುಲುಂಡ್‌ನವರಿಗೆ ಬೊರಿವಲಿಗಿಂತ ಡೊಂಬಿವಲಿ ಹತ್ತಿರ, ಮ್ಯಾಪಿನಲ್ಲಿ ಏನೇ ಇರಲಿ. ಸೆಂಟ್ರಲ್ ಲೈನಿನವರನ್ನು ಮಾತ್ರ ಸೇರಿಸಿ, ಐದು ಶಾಲೆಯಾದರೆ ಸಾಕು. ಅವರವರ ಮನೆ ಎಲ್ಲಿ ಅಂತಲೂ ಕೇಳಿ. ಹೆಚ್ಚಿನವರು ಕಲ್ಯಾಣ್ ಕಡೆ ಹೋಗುವವರಾದರೆ ಠಾಣೆಯಲ್ಲಿ ಸೇರಿ, ದಾದರ್‌ನಲ್ಲಿ ಬೇಡ. ದಾರಿಯಲ್ಲಿ ಇಳಿದು ಮತ್ತೆ ಹತ್ತುವ ಹಾಗಿರಬೇಕು. ಮಧ್ಯಾಹ್ನ ಎರಡೂವರೆಗೆ ಶುರು ಮಾಡಿ, ನಾಲ್ಕೂವರೆಗೆ ಎದ್ದುಬಿಡಿ. ಆರು ಗಂಟೆಯ ಗರ್ದಿಯಲ್ಲಿ ಒಂದು ಸಲ ನೇತಾಡಿದವರು ಎರಡನೇ ಸಲ ಬರಲಿಕ್ಕಿಲ್ಲ.

ಇನ್ನು ಹೆಡ್‌ಮಿಸ್ಟ್ರೆಸ್. ತಿಂಗಳಿಗೆ ಒಂದು ಅರ್ಧ ದಿನ ಆನ್ ಡ್ಯೂಟಿ ಬಿಡಬೇಕಲ್ವಾ? ಗ್ರಂಥಪಾಲಕರ ವೃತ್ತಿ ಬೆಳವಣಿಗೆ ಅಂತ ಬರೆದರೆ ಫೈಲಿನಲ್ಲಿ ಮಲಗುತ್ತದೆ. ಶಾಲೆಗೆ ಏನು ಸಿಗುತ್ತದೆ ಅಂತ ಬರೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಪ್ರತಿ ಶಾಲೆಗೂ ಲೈಬ್ರರಿ ಇರಬೇಕು, ಪೇಪರ್, ಪತ್ರಿಕೆ, ಕತೆಪುಸ್ತಕ ಇರಬೇಕು ಅಂತ ಸ್ಪಷ್ಟವಾಗಿದೆ. ಇನ್‌ಸ್ಪೆಕ್ಷನ್ ಬಂದಾಗ ಸ್ಟಾಕ್ ಸರಿ ಇರುತ್ತದೆ, ಖರೀದಿಗೆ ಐದು ಶಾಲೆಯವರು ನೋಡಿ ಆರಿಸಿದ ಪಟ್ಟಿ ಕೈಯಲ್ಲಿರುತ್ತದೆ. ಈ ಎರಡು ಸಾಲು ಸಾಕು. ಸರ್ಕಾರಿ ಶಾಲೆಯವರು ನಿಮ್ಮ ಜೊತೆ ಇದ್ದರೆ ಆ ಪಟ್ಟಿ ಅವರಿಗೆ ಇನ್ನೂ ಜಾಸ್ತಿ ಉಪಯೋಗ. ಕೇಂದ್ರ ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಲೈಬ್ರರಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಕೊಡುವ ನಿಯಮ ಇದೆ, ಶಾಲೆ ಎಷ್ಟನೇ ಕ್ಲಾಸಿನವರೆಗೆ ಅನ್ನುವುದರ ಮೇಲೆ. ಹಣ ತಡವಾಗಿ ಬಂದು ಗಡಿಬಿಡಿಯಲ್ಲಿ ಖರೀದಿಗೆ ಕೂತರೆ, ಅಂಗಡಿಯವನು ಕಟ್ಟಿಕೊಟ್ಟ ಬಂಡಲ್ಲೇ ಲೈಬ್ರರಿಗೆ ಬರುತ್ತದೆ.

ಯಾರನ್ನು ಸೇರಿಸಬೇಕು ಅನ್ನುವಲ್ಲಿ ದಯವಿಟ್ಟು ಡಿಗ್ರಿ ಕೇಳಬೇಡಿ. ಬಿ.ಲಿಬ್, ಅಂದರೆ ಲೈಬ್ರರಿ ಸೈನ್ಸ್ ಪದವಿ ಆದವರು ಒಂದು ಕಡೆ, ಇನ್‌ಚಾರ್ಜ್ ಟೀಚರ್ ಇನ್ನೊಂದು ಕಡೆ ಅಂತ ಗೆರೆ ಎಳೆದರೆ ಗುಂಪು ಅಲ್ಲೇ ಮುಗಿಯಿತು. ನನ್ನ ಪಾಲಿಗೆ ಅತಿ ಉಪಯೋಗದ ಸಲಹೆ ಕೊಟ್ಟವರು ಆ ಕೀಲಿಕೈ ಮೇಷ್ಟ್ರು. ಕಲಿಯುವ ಆಸೆ ಇದ್ದವರಿಗೆ ದಾರಿಗಳಿವೆ. ಚರ್ಚ್‌ಗೇಟ್‌ನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಲೈಬ್ರರಿ ಸೈನ್ಸ್ ವಿಭಾಗ ಇದೆ. ಮಕ್ಕಳ ಲೈಬ್ರರಿಯದ್ದೇ ಕೆಲಸ ಕಲಿಯಬೇಕು ಅಂದರೆ ಟಾಟಾ ಟ್ರಸ್ಟ್ಸ್‌ನ ಪರಾಗ್‌ನವರ ಲೈಬ್ರರಿ ಎಜುಕೇಟರ್ಸ್ ಕೋರ್ಸ್ ಇದೆ. ಗೋವಾ ಕಡೆ ಹೋದರೆ ಪಣಜಿಯಲ್ಲಿ ಬುಕ್‌ವರ್ಮ್ ಅನ್ನುವ ಲೈಬ್ರರಿ ನೋಡಿ ಬನ್ನಿ. ಮಕ್ಕಳಿಗೆ ಪುಸ್ತಕ ಓದಿ ಹೇಳುವುದನ್ನು ಅಲ್ಲಿ ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಅಂತ ಗೊತ್ತಾಗುತ್ತದೆ.

ಸಂಬಳದ ದೂರು ಬಂದೇ ಬರುತ್ತದೆ. ಅರೆಕಾಲಿಕ ಗ್ರಂಥಪಾಲರ ಗೋಳು ಸಣ್ಣದಲ್ಲ, ಅದಕ್ಕೆ ಯೂನಿಯನ್ ಬೇಕು, ಇರಲಿ. ಆದರೆ ಅದೂ ಇದೂ ಒಂದೇ ಕೂಟದಲ್ಲಿ ಬೇಡ. ನಾವು ಚಹಾದ ಹೊತ್ತಿನಲ್ಲಿ ಎಷ್ಟು ಬೇಕಾದರೂ ಬೈಯಬಹುದು ಅಂತ ಇಟ್ಟುಕೊಂಡಿದ್ದೆವು. ಲೋಟ ಖಾಲಿಯಾದರೆ ಕೆಲಸಕ್ಕೆ.

ಸಾಲು ಸಾಲು ಸಭೆ ಮಾಡದೆಯೂ ದಿನಾ ಉಪಯೋಗಕ್ಕೆ ಬರುವ ಒಂದು ವಸ್ತು ಬೇಕು. ನನ್ನ ಆಯ್ಕೆ, ಎಲ್ಲರೂ ತುಂಬುವ ಒಂದು ಶೀಟು. ಐದು ಶಾಲೆ ಹೆಚ್ಚುಕಡಿಮೆ ಅವೇ ಪುಸ್ತಕ ಕೊಳ್ಳುತ್ತವೆ. ಐದು ಜನ ಐದು ಕಡೆ ಕೂತು ಅದೇ ಪುಸ್ತಕಕ್ಕೆ ನಂಬರ್ ಹುಡುಕುತ್ತಾರೆ. ಒಬ್ಬರು ಹುಡುಕಿದ್ದನ್ನು ಎಕ್ಸೆಲ್‌ನಲ್ಲಿ ಹಾಕಿದರೆ ಮುಗಿಯಿತಲ್ವಾ? ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಅದರದೇ ಸಂಖ್ಯೆ), ಹೆಸರು, ಬರೆದವರು, ಕಾಲ್ ನಂಬರ್ (ಕಪಾಟಿನಲ್ಲಿ ಅದರ ಜಾಗ ಹೇಳುವ ನಂಬರ್), ಯಾವ ಕ್ಲಾಸಿಗೆ ಹಿಡಿಸಿತು. ಕೊನೆಯ ಕಾಲಂ ಬಿಡಬೇಡಿ, ಅದು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ. ಮುಂದೆ ಕಂಪ್ಯೂಟರ್ ಚೆನ್ನಾಗಿ ಬಲ್ಲವರು ಯಾರಾದರೂ ಸೇರಿದರೆ ಕೋಹಾ ಹಾಕಿಕೊಳ್ಳಬಹುದು. ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಲೈಬ್ರರಿಯವರಿಗಾಗಿ ಹುಟ್ಟಿದ, ಲೈಬ್ರರಿ ಲೆಕ್ಕ ನೋಡಿಕೊಳ್ಳುವ ತಂತ್ರಾಂಶ ಅದು, ದುಡ್ಡು ಕೊಡಬೇಕಿಲ್ಲ. ಆದರೆ ಶುರುವಿಗೇ ಅದನ್ನು ಹಿಡಿದು ಕೂತರೆ ಗುಂಪಿನ ಉಸಿರೆಲ್ಲ ಪಾಸ್‌ವರ್ಡ್‌ಗೇ ಹೋಗುತ್ತದೆ.

ಆ ಶೀಟಿನಿಂದ ಮುಂದಿನ ಹೆಜ್ಜೆ ಪುಸ್ತಕದ ಪೆಟ್ಟಿಗೆ. ಮೂವತ್ತು ನಲವತ್ತು ಚಿತ್ರಪುಸ್ತಕ ಒಂದು ಟ್ರಾಲಿ ಬ್ಯಾಗಿನಲ್ಲಿ, ತಿಂಗಳಿಗೊಂದು ಶಾಲೆ. ಎರಡೂ ಕಡೆಯ ಹೆಡ್ ಸಹಿ ಮಾಡಿದ ಪಟ್ಟಿ ಒಳಗಿರಲಿ. ಒಂದು ಪುಸ್ತಕ ಕಳೆದರೆ ಯಾರು ಕೊಡಬೇಕು ಅನ್ನುವುದನ್ನು ಪೆಟ್ಟಿಗೆ ಹೊರಡುವ ಮೊದಲೇ ಮಾತಾಡಿಕೊಳ್ಳಿ, ಕಳೆದ ಮೇಲೆ ಅಲ್ಲ. ನಮ್ಮಲ್ಲಿ ಒಂದು ಸಲ ಹಾಗಾಗಿ, ಎಂಬತ್ತು ರೂಪಾಯಿಯ ಪುಸ್ತಕಕ್ಕೆ ಇಬ್ಬರು ಒಂದು ವರ್ಷ ಮಾತು ಬಿಟ್ಟಿದ್ದರು.

ವಾಟ್ಸಾಪ್ ಗುಂಪನ್ನು ಮುಚ್ಚಬೇಡಿ. ಅದನ್ನು ನೋಟಿಸ್ ಬೋರ್ಡು ಅಂದುಕೊಳ್ಳಿ. ಕೆಲಸ ಮಾಡುತ್ತಿರುವ ಫೋಟೋ ಹಾಕಿ, ಒಂದು ಪ್ರಶ್ನೆ ಹಾಕಿ. ಆರನೇ ಕ್ಲಾಸಿನ ಹುಡುಗಿ ದೆವ್ವದ ಕತೆ ಬಿಟ್ಟು ಬೇರೇನೂ ಓದುವುದಿಲ್ಲ, ಏನು ಕೊಡಲಿ? ಇಂಥ ಪ್ರಶ್ನೆಗೆ ಗುಡ್ ಮಾರ್ನಿಂಗ್‌ನವರೂ ಬಾಯಿ ಬಿಡುತ್ತಾರೆ.

ಈಗ ನಿಮ್ಮ ಕನ್ನಡ ಕಪಾಟು. ರೈಟ್ ಆಫ್ ಅಂದ ಕೂಡಲೇ ಸಹಿ ಹಾಕಬೇಡಿ. ಮುಂಬಯಿಯ ಎಷ್ಟೋ ಶಾಲೆಗಳಲ್ಲಿ ಕನ್ನಡ ಮಾಧ್ಯಮ ನಿಂತುಹೋದಾಗ ಮಕ್ಕಳು ಬೇರೆ ಕಡೆ ಹೋದರು, ಪುಸ್ತಕ ಗೋದ್ರೆಜ್ ಕಪಾಟಿನಲ್ಲೇ ಉಳಿಯಿತು. ಓದಲು ಬರುವವರು ಇಲ್ಲದ್ದರಿಂದ ಅದರಲ್ಲಿ ಏನಿದೆ ಅಂತಲೂ ಯಾರಿಗೂ ಗೊತ್ತಿಲ್ಲ. ನಿಮ್ಮ ಶಾಲೆಯ ಅದೃಷ್ಟ, ನಿಮಗೆ ಓದಲು ಬರುತ್ತದೆ. ಮೊದಲು ಪಟ್ಟಿ ಮಾಡಿ. ಹಳೆಯವಕ್ಕೆ ಐಎಸ್‌ಬಿಎನ್ ಇರುವುದಿಲ್ಲ, ಹಾಗಾಗಿ ಒಂದೊಂದನ್ನೂ ಕೈಯಾರೆ ಬರೆಯಬೇಕು. ಪ್ರಕಾಶಕರು, ಊರು, ಇಸವಿ ಮೂರನ್ನೂ ಬರೆಯಿರಿ. ಮುಂಬಯಿಯಲ್ಲೇ ಅಚ್ಚಾದದ್ದು ಸಿಕ್ಕರೆ ಬೇರೆ ತೆಗೆದಿಡಿ.

ಪುಸ್ತಕಗಳನ್ನು ವಿಷಯವಾರು ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರ್ 894.814. ಮರಾಠಿಯದ್ದು 891.46. 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ್ಧತಿ ನೋಡಿ. ಇಂಗ್ಲಿಷಿಗೆ 820ರಿಂದ ಇಡೀ ಹತ್ತು ನಂಬರ್, ನಮಗೆಲ್ಲ ಚುಕ್ಕಿಯ ಆಚೆಗೆ ಬಾಲ. ಅದಿರಲಿ. ಪುಸ್ತಕದ ಬೆನ್ನಿಗೆ ಅಂಟಿಸುವ ಸ್ಪೈನ್ ಲೇಬಲ್ಲಿನಲ್ಲಿ ನಂಬರಿನ ಜೊತೆ ಪುಸ್ತಕದ ಹೆಸರನ್ನು ದೇವನಾಗರಿಯಲ್ಲೂ ಬರೆಯಿರಿ. ನೀವು ರಜೆಯಲ್ಲಿದ್ದಾಗ ಶಿಪಾಯಿ ಅದನ್ನು ಸರಿಯಾದ ಜಾಗಕ್ಕೆ ಇಡಬೇಕಲ್ಲ. ಇಲ್ಲೇ ನಿಮ್ಮ ಗುಂಪಿಗೂ ಒಂದು ಕೊಡುಕೊಳ್ಳು ಹುಟ್ಟುತ್ತದೆ. ಅವರ ಶಾಲೆಗಳಲ್ಲೂ ಇಂಥ ಕಪಾಟು ಇರಬಹುದು, ಕನ್ನಡದ್ದೋ ತೆಲುಗಿನದ್ದೋ. ಅವರ ಕನ್ನಡ ಪುಸ್ತಕಕ್ಕೆ ನೀವು ಲೇಬಲ್ ಬರೆದುಕೊಡಿ, ನಿಮ್ಮಲ್ಲಿ ಗುಜರಾತಿ ಪುಸ್ತಕ ಇದ್ದರೆ ಅವರಲ್ಲಿ ಯಾರಾದರೂ ಓದಿ ಹೇಳಲಿ. ನಾನು ಹೀಗೆ ಮೂರು ಶಾಲೆಯ ಕನ್ನಡ ಪುಸ್ತಕ ನೋಡಿಕೊಟ್ಟಿದ್ದೇನೆ. ಬದಲಿಗೆ ನನ್ನ ಉರ್ದು ಸಾಲು ಮೊದಲ ಸಲ ಸರಿಯಾದ ದಿಕ್ಕಿಗೆ ತಿರುಗಿ ನಿಂತಿತು.

ಪಟ್ಟಿ ಆದ ಮೇಲೆ ನಿಮ್ಮಲ್ಲಿ ಉಳಿಸಿಕೊಳ್ಳುವುದು ಯಾವುದು ಅಂತ ಗೊತ್ತಾಗುತ್ತದೆ. ಮನೆಯಲ್ಲಿ ಕನ್ನಡವೋ ತುಳುವೋ ಆಡುವ, ಓದಲು ಬಾರದ ಮಕ್ಕಳು ನಿಮ್ಮ ಶಾಲೆಯಲ್ಲಿ ಖಂಡಿತ ಇದ್ದಾರೆ. ಶನಿವಾರ ಅವರಿಗೆ ಓದಿ ಹೇಳಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ವೆಬ್‌ಸೈಟಿನಲ್ಲಿ ಎಷ್ಟೋ ಕತೆಗಳು ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತವೆ, ಪುಕ್ಕಟೆಯಾಗಿ ಇಳಿಸಿ ಪ್ರಿಂಟ್ ಮಾಡಬಹುದು. ಮಗು ಮರಾಠಿಯಲ್ಲಿ ಓದಲಿ, ನೀವು ಕನ್ನಡದಲ್ಲಿ ಓದಿ.

ನಿಮ್ಮಲ್ಲಿ ಬೇಡವಾದದ್ದನ್ನು ರದ್ದಿಗೆ ಹಾಕಬೇಡಿ. ಬೇರೆ ಶಾಲೆಗೆ ವರ್ಗಾವಣೆ ಅಂತ ತೋರಿಸಿದರೂ ನಿಮ್ಮ ರಿಜಿಸ್ಟರಿನಿಂದ ಅದು ಹೋಗುತ್ತದೆ. ಕಮಿಟಿಯ ಸಹಿ ರದ್ದಿಗೂ ಬೇಕು, ವರ್ಗಾವಣೆಗೂ ಬೇಕು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿವೆ. ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆ. ಅಪರೂಪದ್ದು ಅನಿಸಿದರೆ ಕಾಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರಿಗೆ ತೋರಿಸಿ. ಕೊಡುವ ಮೊದಲು ಪಟ್ಟಿ ಕಳಿಸಿ, ಬೇಕು ಅಂದದ್ದನ್ನು ಮಾತ್ರ ಕೊಡಿ. ಮೂಟೆ ಕಟ್ಟಿ ಕಳಿಸಿದರೆ ಅಲ್ಲಿಯೂ ಅದು ಇನ್ನೊಂದು ಬೀಗ ಹಾಕಿದ ಕಪಾಟು ಆಗುತ್ತದೆ.

ಮಳೆಗಾಲ ಹತ್ತಿರ ಬಂತು. ಆ ಮೂವರಿಗೆ ಮೆಸೇಜ್ ಬೇಡ, ಫೋನ್ ಮಾಡಿ. ಕನ್ನಡ ಕಪಾಟು ಖಾಲಿ ಮಾಡುವುದಿದೆ, ಶನಿವಾರ ಎರಡೂವರೆಗೆ ಬನ್ನಿ, ನಿಮ್ಮ ರಿಜಿಸ್ಟರಿನ ಫೋಟೋನೂ ತನ್ನಿ ಅನ್ನಿ. ಮೂಗಿಗೆ ಕಟ್ಟಲು ಬಟ್ಟೆ, ಒರೆಸಲು ಹಳೇ ಪಂಚೆ, ನುಸಿಗುಳಿಗೆ ತರಿಸಿಡಿ. ಕಪಾಟಿನ ಬಾಗಿಲು ತೆಗೆದ ಕೂಡಲೇ ಒಂದು ಫೋಟೋ ತೆಗೆದು ನನಗೂ ಕಳಿಸಿ. ಕೆಳಗಿನ ಸಾಲೂ ಕಾಣುವ ಹಾಗೆ.